ಎಡಗಡೆಯ ಸೀಟು

ನನ್ನ ಕೈಯಿಂದ ಸೌಟು ಕಿತ್ತುಕೊಂಡದ್ದು ಗಣೇಶನ ಹಬ್ಬದ ಊಟದಲ್ಲಿ. ಅಮೆರಿಕದ ಆಶ್‌ಬರ್ನಿನಲ್ಲಿ ನಮ್ಮದೇ ಸಾಲಿನ ಟೌನ್‌ಹೌಸು, ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ. ಎಡಗಣ್ಣಿನ ರೆಟಿನಾ ಕಳಚಿ, ಎರಡು ಸಲ ಆಪರೇಷನ್ ಆಗಿ, ಕೊನೆಗೆ ಆ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯದು ಎಂಬ ಸ್ಥಿತಿಗೆ ಬಂದಿದ್ದೆ. ಹಾಗೆಂದು ಕೈಕಟ್ಟಿ ಕೂರುವ ಜಾತಿ ನನ್ನದಲ್ಲ. ಸಾಲಾಗಿ ಕೂತವರಿಗೆ ಸಾರು ಬಡಿಸಲು ಹೊರಟೆ. ಎಲೆಯ ಪಕ್ಕದ ಕಪ್ಪಿನ ಮೇಲೆ ಸರಿಯಾಗಿಯೇ ಸೌಟು ಬಗ್ಗಿಸಿದೆ ಎಂದುಕೊಂಡಿದ್ದೆ. ಸಾರು ಹೋಗಿ ಬಿದ್ದದ್ದು ಒಬ್ಬ ಅಂಕಲ್‌ರ ಬಿಳಿ ಪಂಚೆಯ ಮೇಲೆ.

"ಅಯ್ಯೋ, ನೀವ್ಯಾಕೆ ಬಡಿಸೋಕೆ ಬಂದ್ರಿ? ಕೂತ್ಕೊಳ್ಳಿ, ರೆಸ್ಟ್ ಮಾಡಿ," ಎಂದು ಆ ಮನೆಯಾಕೆ ಸೌಟು ತೆಗೆದುಕೊಂಡರು. ಪ್ರೀತಿಯಿಂದಲೇ. ಆಮೇಲೆ ನನ್ನ ಪಕ್ಕ ಬಂದು ಕೂತು, ಮೆಲ್ಲಗೆ ಕೇಳಿದರು: "ಆ ಪ್ಲೇನ್ ಓಡಿಸೋದು ಬಿಟ್ರಿ ತಾನೆ? ಒಂದೇ ಕಣ್ಣಲ್ಲಿ ಇನ್ನೇನ್ ಮಾಡೋಕಾಗತ್ತೆ, ಅಲ್ವಾ."

ಕೇಳಿದ್ದಲ್ಲ, ತೀರ್ಪು ಕೊಟ್ಟದ್ದು. ನನಗೆ ಮೈಯೆಲ್ಲ ಉರಿಯಿತು. ಪಂಚೆ ತೊಯ್ಯಿಸಿಕೊಂಡ ಅಂಕಲ್ ಪಾಪ ನಗುತ್ತಿದ್ದರು. ನಾನು ಮಾತ್ರ ಹೋಳಿಗೆಯನ್ನೂ ಮುಟ್ಟದೆ ಎದ್ದು ಬಂದೆ.

ವಿಮಾನದ ವಿಷಯ ಹೇಳಿಬಿಡುತ್ತೇನೆ. ನಲವತ್ತು ದಾಟಿದ ಮೇಲೆ, ಲೀಸ್‌ಬರ್ಗಿನ ಸಣ್ಣ ವಿಮಾನ ನಿಲ್ದಾಣದಲ್ಲಿ ಕಲಿತು, ನಾಲ್ಕು ಸೀಟಿನ ಒಂದೇ ಎಂಜಿನ್ನಿನ ವಿಮಾನ ಹಾರಿಸುವ ಲೈಸೆನ್ಸ್ ತೆಗೆದುಕೊಂಡವಳು ನಾನು. ವಾರವೆಲ್ಲ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಶನಿವಾರ ಬೆಳಿಗ್ಗೆ ಮಾತ್ರ ಬಾಡಿಗೆ ವಿಮಾನದ ಎಡಗಡೆಯ ಸೀಟು. ವಿಮಾನದಲ್ಲಿ ಎಡಗಡೆಯದೇ ಯಜಮಾನರ ಸೀಟು. ಬಲಗಡೆ ಕೂತವರು ಕಲಿಸುವವರಾಗಿರಬಹುದು, ಗಂಡನಾಗಿರಬಹುದು, ಚಕ್ಕುಲಿ ಡಬ್ಬಿಯೂ ಆಗಿರಬಹುದು.

ಒಂದೇ ಕಣ್ಣಿನವರು ವಿಮಾನ ಹಾರಿಸಬಾರದು ಎಂಬ ಕಾನೂನು ಈ ದೇಶದಲ್ಲಿಲ್ಲ. ಇದನ್ನು ಹೇಳಿದರೆ ನಮ್ಮವರು ನನ್ನ ತಲೆಗೂ ಏನೋ ಆಗಿದೆ ಎಂಬಂತೆ ನೋಡುತ್ತಾರೆ. ಆದರೆ ಇರುವುದು ಹಾಗೆ. ಉಳಿದ ಕಣ್ಣಿಗೆ ಒಗ್ಗಿಕೊಳ್ಳಲು ಆರು ತಿಂಗಳು ಕೊಡಬೇಕು, ಕಣ್ಣಿನ ಡಾಕ್ಟರು ಸರಿ ಎನ್ನಬೇಕು, ಕೊನೆಗೆ ಸರ್ಕಾರದ ಇನ್‌ಸ್ಪೆಕ್ಟರ್ ಒಬ್ಬರು ಪಕ್ಕದಲ್ಲಿ ಕೂತು, ಆಕಾಶದಲ್ಲಿ ಪರೀಕ್ಷೆ ಮಾಡಬೇಕು. ದೂರ ಅಳೆಯಬಲ್ಲಳೇ, ಬೇರೆ ವಿಮಾನ ಕಾಣಬಲ್ಲಳೇ, ಎಂಜಿನ್ ನಿಂತರೆ ಇಳಿಯಲು ಹೊಲ ಆರಿಸಬಲ್ಲಳೇ. ಗೆದ್ದರೆ ಎಡಗಡೆಯ ಸೀಟು ಮತ್ತೆ ನನ್ನದು. ಸೋತರೆ ಸೌಟು ಕೊಟ್ಟ ಹಾಗೆ ಅದನ್ನೂ ಕೊಟ್ಟು ಕೂರಬೇಕು.

ಅಲ್ಲಿಯ ತನಕ ಆಪರೇಷನ್ ಆದ ಕಣ್ಣು ಮಾಗಬೇಕು, ಮೇಲೆ ಹೋಗುವುದೇ ಬೇಡ ಎಂದಿದ್ದರು ಡಾಕ್ಟರು. ಸರಿ, ಮೇಲೆ ಹೋಗುವುದಿಲ್ಲ ಎಂದು ಕೆಳಗೆ ಹೋದೆ. ನಮ್ಮ ಬೇಸ್‌ಮೆಂಟಿಗೆ.

ಮಗಳ ಹಳೆಯ ಕಂಪ್ಯೂಟರು, ದೊಡ್ಡದೊಂದು ಪರದೆ, ಮೇಜಿಗೆ ಬಿಗಿದ ಯೋಕ್ ಎಂಬ ವಿಮಾನದ ಸ್ಟಿಯರಿಂಗು, ಕಾಲಿಗೆ ಎರಡು ಪೆಡಲು. ಜನ ಇದನ್ನು ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಬೇರೆಯೇ ಹೆಸರಿಟ್ಟಿದ್ದಳು.

"ಅಮ್ಮ, ಇಟ್ಸ್ ಅ ಗೇಮ್. ಇಟ್ಸ್ ಓಕೆ. ಗೇಮ್ ಆಡು."

"ಗೇಮ್ ಅಲ್ಲ ಕಣೇ."

"ಓಕೆ, ಬಟ್ ರಿಯಲ್ ಕೂಡ ಅಲ್ಲ, ರೈಟ್?"

ಅವಳಿಗೆ ಉತ್ತರವಾಗಿಯೇ ನನ್ನ ಬೇಸ್‌ಮೆಂಟಿಗೆ ಮೂರು ಕಟ್ಟಳೆ ಮಾಡಿದೆ. ನಡುವೆ ನಿಲ್ಲಿಸುವ ಪಾಝ್ ಬಟನ್ ಮುಟ್ಟುವಂತಿಲ್ಲ. ಹೊರಗೆ ನಿಜವಾಗಿ ಹಾರಬಾರದ ಗಾಳಿ ಇದ್ದರೆ ಒಳಗೂ ಹಾರುವಂತಿಲ್ಲ. ವಿಮಾನ ಅಪ್ಪಳಿಸಿದರೆ ಮತ್ತೆ ಶುರು ಮಾಡುವಂತಿಲ್ಲ, ಅವತ್ತಿಗೆ ನಾನು ಸತ್ತೆ ಎಂದೇ ಲೆಕ್ಕ. ಶುರುವಿನಲ್ಲಿ ಹಲವು ಸಲ ಸತ್ತೆ. ಸತ್ತ ದಿನ ಮೇಲೆ ಬಂದು ಬಟ್ಟೆ ಮಡಚುತ್ತಿದ್ದೆ, ಮುಖ ಊದಿಸಿಕೊಂಡು.

ಒಂದು ಭಾನುವಾರ ಒಲೆಯ ಮೇಲೆ ಬೇಳೆ ಇಟ್ಟು ಕೆಳಗಿಳಿದಿದ್ದೆ. ನಾನು ಪರದೆಯಲ್ಲಿ ವಿಮಾನ ಇಳಿಸುವ ಹಾದಿಯಲ್ಲಿದ್ದಾಗ ಕುಕ್ಕರ್ ಕೂಗತೊಡಗಿತು. ಕೂಗಿತು, ಕೂಗಿತು. "ರೀ, ಒಲೆ ಆಫ್ ಮಾಡ್ರೀ!" ಎಂದು ನಾನೂ ಕೂಗಿದೆ. ಗಂಡ ಗರಾಜಿನಲ್ಲಿದ್ದರು. ಬೇಳೆ ತಳ ಹಿಡಿದ ವಾಸನೆ ಮೆಟ್ಟಿಲಿಳಿದು ನನ್ನ ಕಾಕ್‌ಪಿಟ್ಟಿಗೇ ಬಂತು.

"ಒಂದ್ ನಿಮಿಷ ಪಾಝ್ ಮಾಡಕ್ಕಾಗ್ತಿರ್ಲಿಲ್ವಾ?" ಎಂದರು ಅವರು, ಕರಕಲಾದ ಕುಕ್ಕರು ಹಿಡಿದು ನಿಂತು.

"ಆಕಾಶದಲ್ಲಿ ಪಾಝ್ ಬಟನ್ ಇರಲ್ಲ."

"ಇದು ಆಕಾಶ ಅಲ್ಲ, ಬೇಸ್‌ಮೆಂಟು. ವಾಷರ್ ಪಕ್ಕ ಕೂತಿದ್ದೀಯ."

ಅವರು ಕೆಟ್ಟವರಲ್ಲ. ಡೇಟಾ ಸೆಂಟರಿನಲ್ಲಿ ಸಾವಿರ ಕಂಪ್ಯೂಟರುಗಳು ನಿಲ್ಲದಂತೆ ನೋಡಿಕೊಳ್ಳುವ ಮನುಷ್ಯ. ನಿಲ್ಲಿಸಬಾರದ್ದು ಎಂದರೇನು ಎಂದು ಅವರಿಗೆ ನಾನು ಹೇಳಿಕೊಡಬೇಕೇ? ಅದನ್ನೇ ಹೇಳಿದೆ. ಅವತ್ತು ಹೊರಗಿನಿಂದ ಊಟ ತಂದರು. ಆ ದಸರೆಯ ಆಯುಧಪೂಜೆಗೆ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟ ಮೇಲೆ, ನನ್ನ ಪೆಡಲುಗಳ ಕೆಳಗೂ ಒಂದೊಂದು ಇಟ್ಟು, ಯೋಕಿಗೆ ಕುಂಕುಮ ಹಚ್ಚಿದೆ. "ಆಟದ ಸಾಮಾನಿಗೂ ಪೂಜೇನಾ?" ಎಂದು ರೇಗಿಸಿದರು. ಅವರ ಲ್ಯಾಪ್‌ಟಾಪಿನ ಮೇಲೂ ಕುಂಕುಮ ಇತ್ತು. ಬೆರಳು ಮಾಡಿ ತೋರಿಸಿದೆ.

ಆ ಬೇಸ್‌ಮೆಂಟಿನಲ್ಲಿ ನನಗೊಂದು ಸತ್ಯ ಸಿಕ್ಕಿತು. ಎರಡು ಕಣ್ಣಿದ್ದವರಿಗೂ ಪರದೆ ಚಪ್ಪಟೆಯೇ. ಅಲ್ಲಿ ಆಳ ಎಂಬುದೇ ಇಲ್ಲ. ಎರಡು ಕಣ್ಣು ಸೇರಿ ಕೊಡುವ ಆ ಹತ್ತಿರ ದೂರದ ಅಳತೆ ಅಲ್ಲಿ ಯಾರಿಗೂ ದಕ್ಕುವುದಿಲ್ಲ, ಆದರೂ ಜನ ಚೆನ್ನಾಗಿಯೇ ಇಳಿಸುತ್ತಾರೆ. ಹೇಗೆ? ಕಲಿಯುವ ದಿನಗಳಲ್ಲಿ ನನ್ನ ಟೀಚರು ಹೇಳಿದ್ದು ನೆನಪಾಯಿತು: ಮುಂದಿನ ಗಾಜಿನಲ್ಲಿ ಮೇಲಕ್ಕೂ ಏರದೆ, ಕೆಳಕ್ಕೂ ಜಾರದೆ, ಇದ್ದಲ್ಲೇ ದೊಡ್ಡದಾಗುತ್ತ ಬರುವ ಜಾಗ ಯಾವುದೋ, ನೀನು ಹೋಗಿ ಇಳಿಯುವುದು ಅಲ್ಲಿಯೇ. ರನ್‌ವೇಯ ಎರಡು ಅಂಚು ತಟ್ಟನೆ ಅಗಲವಾದಾಗ ನೆಲ ಬಂತು ಎಂದು ಅರ್ಥ. ಇದಕ್ಕೆ ಒಂದು ಕಣ್ಣು ಸಾಕು. ಇಷ್ಟು ವರ್ಷ ನಾನು ಇಳಿಸಿದ್ದೂ ಬಹುಪಾಲು ಹೀಗೆಯೇ, ಗೊತ್ತಿರಲಿಲ್ಲ ಅಷ್ಟೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ನಮ್ಮಜ್ಜಿ ಸಮಾಧಾನಕ್ಕೆ ಹೇಳುತ್ತಿದ್ದರು. ನನಗೆ ಸಮಾಧಾನ ಬೇಡವಾಗಿತ್ತು, ರನ್‌ವೇ ಬೇಕಾಗಿತ್ತು.

ಚಳಿ ಕಳೆದ ಮೇಲೆ ಡಾಕ್ಟರು ಒಪ್ಪಿದರು. ಮೊದಲ ಸಲ ನನ್ನ ಹಳೆಯ ಟೀಚರನ್ನೇ ಬಲಗಡೆ ಕೂರಿಸಿಕೊಂಡು ಹೊರಟೆ. ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು, ಮಾತು ಕಡಿಮೆ. ಏರಿದ್ದು ಸರಿಹೋಯಿತು. ಇಳಿಯುವ ಮೊದಲು ರನ್‌ವೇಗೆ ಸಮಾನಾಂತರವಾಗಿ ಹಾರುತ್ತ ಎಡಕ್ಕೆ ಅದನ್ನು ನೋಡಬೇಕು. ಎಡಕ್ಕೆ ನನಗೆ ಕತ್ತಲು. ಬೇಸ್‌ಮೆಂಟಿನಲ್ಲಿ ಎಡಕ್ಕೆ ನೋಡಬೇಕಾದರೆ ಕತ್ತು ತಿರುಗಿಸುವುದಿಲ್ಲ, ಯೋಕಿನ ಎಡಗೊಂಬಿನ ಮೇಲಿನ ಬಟನ್ ಒತ್ತಿದರೆ ಪರದೆಯ ನೋಟವೇ ತಿರುಗುತ್ತದೆ. ಆರು ತಿಂಗಳ ಅಭ್ಯಾಸ. ಹೆಬ್ಬೆರಳು ತಾನಾಗಿ ಒತ್ತಿತು. ನೋಟ ತಿರುಗಲಿಲ್ಲ. ಇನ್ನೂ ಬಲವಾಗಿ ಒತ್ತಿ ಹಿಡಿದೆ.

"ಎಲ್ಲೋಯ್ತು ಈ ಹಾಳಾದ್ ರನ್‌ವೇ? ತಿರುಗೇ, ತಿರುಗೇ ಮಾರಾಯ್ತಿ!"

ನಿಜವಾದ ವಿಮಾನದಲ್ಲಿ ಆ ಬಟನ್ ರೇಡಿಯೋದ್ದು. ಒತ್ತಿ ಹಿಡಿದರೆ ನಾವು ಆಡಿದ್ದು ವಿಮಾನ ನಿಲ್ದಾಣದ ಟವರಿಗೂ, ಸುತ್ತ ಹಾರುತ್ತಿರುವ ಎಲ್ಲರಿಗೂ ಕೇಳಿಸುತ್ತದೆ. ಆ ಬೆಳಿಗ್ಗೆ ಲೀಸ್‌ಬರ್ಗಿನ ಆಕಾಶಕ್ಕೆಲ್ಲ ನನ್ನ ಮೈಸೂರು ಬೈಗುಳ ಕೇಳಿಸಿತು. ಆಮೇಲೆ ಟವರಿನವರು ಬಹಳ ಮರ್ಯಾದೆಯಿಂದ, ಇನ್ನೊಮ್ಮೆ ಹೇಳುತ್ತೀರಾ ಎಂದರು.

ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು. ನಗು ನಿಂತ ಮೇಲೆ ಆಕೆ ಹೇಳಿದ್ದು ಒಂದೇ ಮಾತು: ನಿನ್ನ ಕಣ್ಣಿಗೇನೂ ಆಗಿಲ್ಲ, ಕತ್ತಿಗೆ ತುಕ್ಕು ಹಿಡಿದಿದೆ. ಮನೆಗೆ ಬಂದವಳೇ ಆ ಬಟನ್ನಿನ ಮೇಲೆ ಟೇಪ್ ಸುತ್ತಿದೆ. ಎಡಗೋಡೆಗೆ, ನಿಜವಾದ ರನ್‌ವೇ ಕಾಣಬೇಕಾದ ಎತ್ತರದಲ್ಲಿ, ಹಳೆಯ ಟಿವಿಯೊಂದನ್ನು ಎರಡನೆಯ ಪರದೆಯಾಗಿ ತೂಗುಹಾಕಿಸಿದೆ. ಮೂಗು ಹೆಗಲಿಗೆ ತಾಗುವಷ್ಟು ಕತ್ತು ತಿರುಗಿಸಿದರೆ ಮಾತ್ರ ಅದು ಕಾಣಬೇಕು. ಮೊದಲ ವಾರ ಕತ್ತು ಹಿಡಿದುಕೊಂಡು, ಆಫೀಸಿನ ಮೀಟಿಂಗುಗಳಲ್ಲಿ ಗೊಂಬೆಯ ಹಾಗೆ ಕೂತಿದ್ದೆ.

ಇಷ್ಟಾದ ಮೇಲೆ ಹೊಲ ಆರಿಸುವ ಅಭ್ಯಾಸ. ಸಿಮ್ಯುಲೇಟರಿನಲ್ಲಿ ನಮ್ಮ ಇಡೀ ಪ್ರದೇಶ ಇದೆ, ಉಪಗ್ರಹದ ಚಿತ್ರದಿಂದ ಮಾಡಿದ್ದು. ಲೀಸ್‌ಬರ್ಗಿನ ದಕ್ಷಿಣಕ್ಕೆ ಉದ್ದನೆಯ ಹಸಿರು ಹೊಲವೊಂದಿತ್ತು. ಒಂದು ತುದಿಯಲ್ಲಿ ಕೆಂಪು ಸೂರಿನ ಕೊಟ್ಟಿಗೆ, ಇನ್ನೊಂದು ತುದಿಯಲ್ಲಿ ಪುಟ್ಟ ಕೆರೆ. ಎಂಜಿನ್ ನಿಲ್ಲಿಸಿಕೊಂಡು ಎಲ್ಲ ದಿಕ್ಕಿನಿಂದಲೂ ಅಲ್ಲಿ ಇಳಿದೆ. ಆ ಹೊಲವನ್ನು ಉತ್ತವನಿಗಿಂತ ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆಯ ದಿನ ಬೇಸಗೆಯ ತಿಳಿ ಆಕಾಶ. ಇನ್‌ಸ್ಪೆಕ್ಟರ್ ತೆಳ್ಳಗಿನ ಮನುಷ್ಯ, ನಗುವುದು ತನ್ನ ಕೆಲಸದಲ್ಲಿ ಸೇರಿಲ್ಲ ಎಂಬಂತಿದ್ದ. ಆ ವಿಮಾನ ಎಷ್ಟು ದೂರ, ಆ ಸೇತುವೆ ಎಷ್ಟು ದೂರ ಎಂದು ಕೇಳಿದ. ಹೇಳಿದೆ. ತಲೆಯಾಡಿಸಲಿಲ್ಲ. ವಾಪಸು ಬರುವಾಗ, ಲೀಸ್‌ಬರ್ಗಿನ ದಕ್ಷಿಣಕ್ಕೆ ಬಂದಾಗ, ಹೇಳದೆ ಕೇಳದೆ ಕೈಚಾಚಿ ಎಂಜಿನ್ನಿನ ಶಕ್ತಿಯನ್ನು ಪೂರಾ ಇಳಿಸಿಬಿಟ್ಟ. ಈಗ ಎಂಜಿನ್ ಸತ್ತಿದೆ ಎಂದುಕೋ, ಎಲ್ಲಿ ಇಳಿಯುತ್ತೀಯ ಎಂದು ಕೇಳಿದ.

ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡೆ. ನನ್ನ ಹೊಲ ಬಲಗಡೆಯಲ್ಲೇ ಇರಬೇಕು. ನೋಡುವ ಮೊದಲೇ ವಿಮಾನ ತಿರುಗಿಸಿದೆ, ಅಲ್ಲಿ ಎಂದು ಬೆರಳು ತೋರಿಸಿದೆ. ಆಮೇಲೆ ನೋಡಿದೆ.

ಕೊಟ್ಟಿಗೆ ಇರಲಿಲ್ಲ. ಹೊಲವೂ ಇರಲಿಲ್ಲ. ಅಗೆದು ಹಾಕಿದ ಕೆಮ್ಮಣ್ಣು, ಎರಡು ಕ್ರೇನು, ಕಿಟಕಿಯೇ ಇಲ್ಲದ ಬಿಳಿ ಗೋಡೆಗಳು. ಡೇಟಾ ಸೆಂಟರ್ ಏಳುತ್ತಿತ್ತು. ನಮ್ಮ ಮನೆಯ ಅನ್ನ ನನ್ನ ಹೊಲವನ್ನು ತಿಂದುಹಾಕಿತ್ತು. ಬೇಸ್‌ಮೆಂಟಿನ ಚಿತ್ರ ಹಳೆಯದು. ಅಲ್ಲಿ ಹುಲ್ಲು ಇವತ್ತಿಗೂ ಹಸಿರಾಗಿಯೇ ಇದೆ.

ವಿಮಾನ ಇಳಿಯುತ್ತಲೇ ಇತ್ತು. ತೋರಿಸಿದ್ದನ್ನು ಬಿಟ್ಟರೆ ಕಣ್ಣು ಕಾಣದೆ ತೋರಿಸಿದಳು ಎನ್ನುತ್ತಾನೆ ಈತ, ಬಿಡದಿದ್ದರೆ ಕ್ರೇನಿಗೆ ಹೋಗಿ ಬಡಿಯುತ್ತೇನೆ. ಬಲಕ್ಕೆ ಮನೆಗಳು, ಮುಂದೆ ಮರಗಳು. ಉಳಿದದ್ದು ಎಡ. ಹೆಬ್ಬೆರಳು ಅಲುಗಲಿಲ್ಲ. ಕತ್ತು ತಿರುಗಿತು, ಮೂಗು ಹೆಗಲಿಗೆ ತಾಗುವ ತನಕ. ಎರಡು ಮರದ ಸಾಲುಗಳ ನಡುವೆ, ಕೊಯ್ದು ಉಂಡೆ ಕಟ್ಟಿದ ಹುಲ್ಲಿನ ಹೊಲವೊಂದು ನನ್ನ ಸತ್ತ ಕಣ್ಣಿನ ಕಡೆಯಲ್ಲಿ ಬಿದ್ದುಕೊಂಡಿತ್ತು. ವಿದ್ಯುತ್ ತಂತಿ ಮೇಲಿನಿಂದ ಎರಡು ಕಣ್ಣಿದ್ದವರಿಗೂ ಕಾಣದು, ಕಂಬ ಹುಡುಕಬೇಕು. ಹುಡುಕಿದೆ. ರಸ್ತೆಯ ಆಚೆ ಮಾತ್ರ ಇದ್ದವು.

"ಮೊದಲು ಹೇಳಿದ್ದು ತಪ್ಪು. ಇದು," ಎಂದು ಇಂಗ್ಲಿಷಿನಲ್ಲಿ ಹೇಳಿ ತಿರುಗಿಸಿದೆ.

ಹುಲ್ಲಿನ ಉಂಡೆಗಳ ಸಾಲಿನ ಪಕ್ಕದ ಬಯಲು ಗಾಜಿನಲ್ಲಿ ನಿಂತಲ್ಲೇ ದೊಡ್ಡದಾಗುತ್ತ ಬಂತು. ಏರಲಿಲ್ಲ, ಜಾರಲಿಲ್ಲ. ಸಾಕು, ಮೇಲಕ್ಕೆ ಹೋಗು ಎಂದು ಆತ ಎಂಜಿನ್ನಿಗೆ ಉಸಿರು ಕೊಟ್ಟ.

ಲೀಸ್‌ಬರ್ಗಿನಲ್ಲಿ ಇಳಿದು ಎಂಜಿನ್ ಆರಿಸಿದ ಮೇಲೂ ಆತ ಬೆಲ್ಟ್ ಬಿಚ್ಚಲಿಲ್ಲ. ಮೊದಲನೆಯ ಹೊಲವನ್ನು ಯಾಕೆ ಬಿಟ್ಟೆ ಎಂದು ಕೇಳಿದ. ಸುಳ್ಳು ಹೇಳಬಹುದಿತ್ತು. ಬೇಸ್‌ಮೆಂಟು, ಹಳೆಯ ಚಿತ್ರ, ಕೊಟ್ಟಿಗೆ, ಎಲ್ಲ ಹೇಳಿದೆ. ನೋಡದೆ ತಿರುಗಿದ್ದು ತಪ್ಪು, ನೋಡಿದ ಮೇಲೆ ಬಿಟ್ಟದ್ದು ತಪ್ಪಲ್ಲ ಎಂದೂ ಹೇಳಿದೆ, ಸ್ವಲ್ಪ ಜೋರಾಗಿಯೇ. ಎರಡು ಕಣ್ಣಿನವರಲ್ಲಿ ಹೆಚ್ಚಿನವರು ಮೊದಲು ಆರಿಸಿದ್ದನ್ನು ಬಿಡುವುದಿಲ್ಲ ಎಂದು ಆತ ಬೆಲ್ಟ್ ಬಿಚ್ಚಿದ. ಪಾಸಾಗಿದ್ದೆ.

ಕಾರಿನಲ್ಲಿ ಕೂತು ಜೋರಾಗಿ ಅತ್ತೆ. ಗಂಡನಿಗೆ ಫೋನ್ ಮಾಡಿ, "ನಿಮ್ಮೋರು ನನ್ನ ಹೊಲ ತಿಂದ್ಬಿಟ್ರು ಕಣ್ರೀ," ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. "ಪಾಸಾ?" ಎಂದರು. ಹೂಂ ಎಂದೆ.

ಮತ್ತೆ ಗಣೇಶನ ಹಬ್ಬ ಬಂತು. ಅದೇ ಮನೆ, ಅದೇ ಸಾಲು, ಪಂಚೆಯ ಅಂಕಲ್ ಕೂಡ. ನಾನು ನೇರ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆ ಎತ್ತಿಕೊಂಡೆ. ಮನೆಯಾಕೆ ಹಿಂದೆಯೇ ಬಂದರು. "ನೀವ್ ಕೂತ್ಕೊಳ್ಳಿ, ನಾನ್ ಹಾಕ್ತೀನಿ."

"ಬೇಡ, ನಾನೇ ಹಾಕ್ತೀನಿ."

ಸೌಟಿನ ಅಂಚನ್ನು ಕಪ್ಪಿನ ಅಂಚಿಗೆ ತಾಗಿಸಿ ಬಗ್ಗಿಸುವುದನ್ನು ಕಲಿತಿದ್ದೆ. ಅಂಕಲ್ ಪಂಚೆಯನ್ನು ಮೆಲ್ಲನೆ ಒಳಕ್ಕೆ ಎಳೆದುಕೊಂಡದ್ದು ಬಲಗಣ್ಣಿಗೆ ಕಂಡಿತು. ಅವರಿಗೆ ಸರಿಯಾಗಿ ಬಿತ್ತು. ಮುಂದಿನವರಿಗೂ ಬಿತ್ತು. ನಾಲ್ಕನೆಯ ಕಪ್ಪಿನಲ್ಲಿ ಕೈ ಜಾರಿ ಒಂದಿಷ್ಟು ಸಾರು ಎಲೆಯ ಆಚೆ ಚೆಲ್ಲಿತು. ಸಾಲಿಗೆ ಸಾಲೇ ನನ್ನನ್ನು ನೋಡಿತು. ಮನೆಯಾಕೆ ಕೈ ಚಾಚಿದರು.

ಬಟ್ಟೆ ತೆಗೆದು ಒರೆಸಿದೆ. ಸೌಟನ್ನು ಮತ್ತೆ ಪಾತ್ರೆಗೆ ಅದ್ದಿ, ಐದನೆಯವರಿಗೆ ಬಡಿಸಲು ಹೋದೆ.