ಅಂಗಡಿ ಅಜ್ಜನ ಕಿವಿಯ ಹತ್ತಿ

ಅವರ ಬಲಗಿವಿಯ ಮಡಿಕೆಯಲ್ಲಿ ಯಾವಾಗಲೂ ಒಂದು ಚೂರು ಹತ್ತಿ ಇರುತ್ತಿತ್ತು. ಪಾಪ, ಕಿವಿ ಸೋರುತ್ತದೆಯೇನೋ ಎಂದುಕೊಂಡು ನಾನು ಒಮ್ಮೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ಒಯ್ದು ಕೊಟ್ಟೆ. ಅವರು ನಗದೆ, ಬೇಡವೆನ್ನದೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಂದಿನ ಸಲ ಹೋದಾಗ ನೋಡಿದರೆ ಆ ಎಣ್ಣೆಯನ್ನು ತುಕ್ಕು ಹಿಡಿದ ಬೋಲ್ಟುಗಳಿಗೆ ಬಿಡುತ್ತಿದ್ದರು.

ಗಂಗೊಳ್ಳಿ ಬಂದರಿನ ದಾರಿಯಲ್ಲಿ ದೋಣಿ ಸಾಮಾನಿನ ಸಣ್ಣ ಅಂಗಡಿ ಅವರದು. ಪ್ರಾಯದಲ್ಲಿ ಮುಂಬೈಯ ಬಂದರಿನಲ್ಲಿ ಹಡಗುಗಳ ತಂತಿ ಕಟ್ಟುವ ಕೆಲಸ ಮಾಡಿದ್ದರಂತೆ. ನಾವೆಲ್ಲ ಅಂಗಡಿ ಅಜ್ಜ ಎನ್ನುತ್ತಿದ್ದೆವು.

ನನ್ನ ಮಾವ ಯಾರಿಂದಲೋ ಕೊಂಡಿದ್ದ ಹಳೆಯ ಹಾಯಿದೋಣಿಯೊಂದು ಯಜಮಾನರ ಪಾಲಿಗೆ ಬಂದಿತ್ತು. ಅಳಿವೆಯ ಹತ್ತಿರ ಪ್ರವಾಸಿಗರನ್ನು ಅದರಲ್ಲಿ ಸುತ್ತಿಸುತ್ತಾರೆ. ನಮ್ಮ ಮನೆಯ ಒಲೆ ಉರಿಯುವುದು ಅದರಿಂದಲೇ. ಒಂದು ವರ್ಷ ಹಾಯಿಕಂಬವನ್ನು ಎಳೆದು ಹಿಡಿಯುವ ಮೂರು ತಂತಿಗಳೂ ಕೆಟ್ಟುಹೋದವು. ಒಂದು ಹರಿದರೂ ಕಂಬ ಕೂತವರ ತಲೆಯ ಮೇಲೆ ಬೀಳುತ್ತದೆ. ಎಲ್ಲವನ್ನೂ ಹೊಸತು ಮಾಡಿಸುವ ತ್ರಾಣ ನಮಗಿರಲಿಲ್ಲ. ಆಗ ನನಗೇ ಹೊಳೆಯಿತು: ನಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸುವ ಹಸಿರು ಪ್ಲಾಸ್ಟಿಕ್ ಹೊದಿಕೆಯ ತಂತಿ ಎಷ್ಟೋ ಮಳೆಗಾಲ ಕಂಡರೂ ಹೊಸದರಂತಿದೆ, ಅದನ್ನೇ ಹಾಕಿದರಾಯಿತು. ಯಜಮಾನರೂ ಒಪ್ಪಿದರು. ತುಂಡೊಂದನ್ನು ಮಾದರಿಗೆ ಹಿಡಿದು ಹೋಗಿ, ಇಂಥದ್ದೇ ಸ್ವಲ್ಪ ದಪ್ಪದ್ದು ಕೊಡಿ ಎಂದೆ.

ಅಜ್ಜ ಚೂರಿಯಿಂದ ಪ್ಲಾಸ್ಟಿಕ್ಕನ್ನು ಉದ್ದಕ್ಕೆ ಸೀಳಿದರು. ಒಳಗಿನಿಂದ ಕೆಂಪು ಹುಡಿ ಉದುರಿತು.

“ಇದ್ರಲ್ ಸೀರಿ ಒಣ್ಸಿ ಅಮ್ಮ. ಗಂಡನ್ನ ಸಮುದ್ರಕ್ಕೆ ಕಳ್ಸ್‌ಬ್ಯಾಡಿ.”

ಮರುದಿನ ಅವರೇ ದೋಣಿಯ ಹತ್ತಿರ ಬಂದರು. ಕಂಬದ ಮೂರು ತಂತಿ ಮಾತ್ರ ಹೊಸ ಸ್ಟೀಲಿನದೇ ಆಗಬೇಕು ಎಂದರು, ಅದರಲ್ಲಿ ಕೈ ಬಿಗಿ ಹಿಡಿಯಬಾರದು. ಹಾಯಿ ಏರಿಸಲು ತಂತಿ ಯಾಕೆ, ಹಗ್ಗ ಸಾಕು. ಹಳೆಯ ಕೊಂಡಿಗಳಲ್ಲಿ ಗಟ್ಟಿಯಿದ್ದವನ್ನು ಆರಿಸಿ ಉಳಿಸಿದರು. ತುದಿಯನ್ನು ಯಂತ್ರದಲ್ಲಿ ಒತ್ತಿಸುವುದು ದುಬಾರಿಯೆಂದು, ತಂತಿಯನ್ನು ಸ್ಟೀಲಿನ ಬಳೆಯ ಸುತ್ತ ಮಡಚಿ ಮೂರು ಕ್ಲಿಪ್ಪು ಬಿಗಿದರು. ಎರಡು ಸಾಲದೇ ಎಂದು ಯಜಮಾನರು ಕೇಳಿದ್ದಕ್ಕೆ, ಮೂರನೆಯದು ಅಮ್ಮನ ಸಮಾಧಾನಕ್ಕೆ ಅಂದರು.

ಕೊನೆಗೆ ಕಿವಿಯ ಹತ್ತಿ ತೆಗೆದು ತಂತಿಯ ಉದ್ದಕ್ಕೂ ಸವರಿದರು. ಆ ಹತ್ತಿ ಯಾಕೆಂದು ನನಗೆ ಆಗಲೇ ತಿಳಿದದ್ದು.

“ಒಂದ್ ಎಳಿ ತುಂಡಾದ್ರೂ ಹತ್ತಿ ಹಿಡ್ಕಂತ್. ಕಣ್ಣಿಗೆ ಕಾಣ್ತಿಲ್ಲೆ. ತಿಂಗ್ಳಿಗೊಂದ್ ಸಲ ನೀವೇ ಕಾಣಿ, ಗಂಡ್ಸ್ರಿಗೆ ತಾಳ್ಮೆ ಇಲ್ಲೆ.”

ನಮ್ಮ ಮನೆಯಲ್ಲಿ ಹತ್ತಿ ಇರುವುದು ದೇವರ ಬತ್ತಿಗೆ, ಅದನ್ನು ತಂತಿಗೆ ಉಜ್ಜುವುದು ಹೇಗೆ ಎಂದು ಅಳುಕಿದೆ.

“ದೀಪ ಹಚ್ಚಿ ದೇವ್ರ್ ಹತ್ರ ನೀವ್ ಕೇಂಬುದ್ ಎಂತ? ಅವ್ರ್ ಮನಿಗ್ ಬರ್ಲಿ ಅಂದೇ ಅಲ್ದಾ?”

ಆ ತಂತಿ ಹಾಕಿದ ಮೂರನೆಯ ವರ್ಷ, ನವರಾತ್ರಿ ರಜೆಯ ಒಂದು ಬೆಳಿಗ್ಗೆ. ಕುಂದಾಪುರದ ಒಂದು ಸಂಸಾರ ಮಕ್ಕಳ ಸಮೇತ ದಡದಲ್ಲಿ ಕಾಯುತ್ತಿತ್ತು. ಎಡಗಡೆಯ ತಂತಿಯನ್ನು ಸವರುವಾಗ, ಕ್ಲಿಪ್ಪಿನ ತುಸು ಮೇಲೆ, ನನ್ನ ಹತ್ತಿ ಸಿಕ್ಕಿಕೊಂಡಿತು. ಹಬ್ಬದ ಸಂಪಾದನೆ, ಒಂದು ಎಳೆಗೆ ಹೆದರುತ್ತೀಯಾ ಎಂದು ಯಜಮಾನರು ರೇಗಿದರು. ನಾನು ದೋಣಿಯಿಂದ ಇಳಿಯಲೇ ಇಲ್ಲ. ಬಂದವರು ಬೇಜಾರಿನಿಂದ ವಾಪಸಾದರು. ಯಜಮಾನರು ಮುಖ ಊದಿಸಿಕೊಂಡೇ ತಂತಿ ಬಿಚ್ಚಿ ಅಜ್ಜನಲ್ಲಿಗೆ ಒಯ್ದರು. ನಾನೂ ಹಿಂದೆ ಹೋದೆ.

ಅಜ್ಜ ಅದನ್ನು ಮೆಲ್ಲಗೆ ಬಾಗಿಸಿದರು. ಅರ್ಧಕ್ಕರ್ಧ ಎಳೆಗಳು ಒಣಕಡ್ಡಿಯಂತೆ ಮುರಿದವು. ಯಜಮಾನರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ದಡದಲ್ಲಿ ಕಾದಿದ್ದ ಆ ಮಕ್ಕಳಲ್ಲಿ ಒಂದಕ್ಕೆ ಮೂರು ವರ್ಷವೂ ಆಗಿರಲಿಲ್ಲ. ಅಜ್ಜ ಒಂದು ಲೋಟ ನೀರು ಅವರ ಕೈಗಿತ್ತು, ಹೊಸ ತಂತಿ ಅಳೆಯಲು ಎದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಮೊದಲೇ ಅಜ್ಜ ತೀರಿಕೊಂಡರು. ನೋಡಲು ಹೋದಾಗ ಮೂಗಿಗೆ, ಎರಡೂ ಕಿವಿಗೆ ಹತ್ತಿ ಇಟ್ಟಿದ್ದರು. ನನ್ನ ಕಣ್ಣು ಬಲಗಿವಿಯ ಹತ್ತಿಯ ಮೇಲೇ ನಿಂತಿತು.

ಈಗಲೂ ಬತ್ತಿ ಹೊಸೆಯಲು ಕೂತಾಗ ಮೊದಲು ಒಂದು ಚೂರನ್ನು ತಂತಿಗೆಂದು ಎತ್ತಿಡುತ್ತೇನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಯಜಮಾನರು ಕಾಲು ತೊಳೆಯುವ ಸದ್ದು ಕೇಳುತ್ತದೆ. ಇವತ್ತೂ ಬಂದರು ಎಂದು ದೇವರಿಗೆ ಕೈಮುಗಿಯುವಾಗ, ಅಜ್ಜನಿಗೂ ಸೇರಿಸಿಯೇ ಮುಗಿಯುತ್ತೇನೆ.