ಅವ್ವ ತೆರೆಸಿದ ಹಿಂದಿನ ಗೇಟು

ಪುಣೆಯಲ್ಲಿ ಮಗರಪಟ್ಟಾ ದಾಟಿ ಇನ್ನೂ ಮುಂದೆ, ಮೊನ್ನೆ ಮೊನ್ನೆಯವರೆಗೆ ಕಬ್ಬು ಬೆಳೆಯುತ್ತಿದ್ದ ಕಡೆ ನಾವು ಫ್ಲ್ಯಾಟು ಕೊಂಡಾಗ, ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದರ ಕಾಂಪೌಂಡು ಗೋಡೆ. ನಗಬೇಡಿ. ನಾನು ಬೆಳೆದದ್ದು ಹಳೇ ಊರಿನ ಇಕ್ಕಟ್ಟು ಓಣಿಗಳ ಸದಾಶಿವ ಪೇಠದಲ್ಲಿ. ಅಲ್ಲಿ ನಮ್ಮ ಬಚ್ಚಲಿನ ಹಿಂದೆಯೇ ಮಂದಿ ಸ್ಕೂಟರ್ ಓಡಿಸುತ್ತಿದ್ದರು, ಗಣಿತದಲ್ಲಿ ನನಗೆಷ್ಟು ಬಂತೆಂಬುದು ನನಗಿಂತ ಮೊದಲು ಕಿರಾಣಿ ಅಂಗಡಿಯವನಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಒಂದೇ ಗೇಟು, ಒಬ್ಬ ವಾಚ್‌ಮನ್, ಸುತ್ತಲೂ ಏಳಡಿ ಗೋಡೆ ಕಂಡಾಗ ಸ್ವರ್ಗಕ್ಕೆ ಮೂರೇ ಗೇಣು ಅಂದುಕೊಂಡೆ.

ಕಳೆದ ಬೇಸಿಗೆಯಲ್ಲಿ ಅವ್ವನನ್ನು ಕರೆತಂದೆ. ಅಪ್ಪ ಹೋದ ಮೇಲೆ ಅವಳು ಪೇಠದಲ್ಲೇ ತನ್ನ ತಮ್ಮನ ಮನೆಯಲ್ಲಿದ್ದಳು. ಅವಳು ನನ್ನ ಹತ್ತಿರ ಇರಬೇಕೆಂಬುದು ನನ್ನ ಎಷ್ಟೋ ವರ್ಷದ ಆಸೆ. ಆದರೆ ಹದಿನೈದು ದಿನಕ್ಕೇ ಅವ್ವ ಮಂಕಾದಳು. ಪೇಠದಲ್ಲಿ ಕರಿಬೇವು ತರುತ್ತೇನೆಂದು ಒಂದು ಓಣಿಗೆ ಹೊಕ್ಕು, ಇನ್ನೊಂದು ಓಣಿಯಿಂದ ಹೊರಬಿದ್ದು, ಮೂರು ಮನೆ ಸುದ್ದಿ ತಂದು, ಕರಿಬೇವನ್ನೇ ಮರೆತು ಬರುತ್ತಿದ್ದವಳು. ಇಲ್ಲಿ ಗೇಟಿನ ಹೊರಗೆ ಕಾಲಿಟ್ಟರೆ ಹೆದ್ದಾರಿ. ಹೊಲಕ್ಕೊಬ್ಬ ಬಿಲ್ಡರ್, ಬಿಲ್ಡರಿಗೊಂದು ಗೋಡೆ. ಒಬ್ಬನ ರಸ್ತೆ ಇನ್ನೊಬ್ಬನದಕ್ಕೆ ಕೂಡುವುದೇ ಇಲ್ಲ.

ಒಂದು ಮಧ್ಯಾಹ್ನ ಹಿಂದಿನ ಗೋಡೆಯ ಆಚೆಯಿಂದ ಯಾರೋ ಕಾಗೆಯನ್ನು ಬೈಯುವುದು ಕೇಳಿಸಿತು.

“ಹುಶ್! ನಿನ್ನ ಹೆಣಾ ಎತ್ತಲಿ, ಸಂಡಿಗಿಗೆ ಬಾಯಿ ಹಾಕ್ತದ ನೋಡು!”

ಅವ್ವ ಕುಳಿತಲ್ಲಿಂದ ದಡಕ್ಕನೆ ಎದ್ದು ಕೆಳಗಿಳಿದು ಗೋಡೆಯ ಹತ್ತಿರ ಹೋದಳು. “ಯಾವೂರವರ್ರೀ ನೀವು?”

“ಬೆಳಗಾವಿಯವರ್ರೀ! ನೀವು?”

“ಧಾರವಾಡದವರು!”

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆಚೆ ಸೊಸೈಟಿಯ ನೆಲಮಹಡಿಯಲ್ಲಿದ್ದ ಆ ಬೆಳಗಾವಿಯ ಅಜ್ಜಿ ಯಾವ ಪಲ್ಯ ಹೆಚ್ಚುತ್ತಿದ್ದಾರೆಂಬುದು ನಮ್ಮ ಮೊದಲ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಹೋಗಬೇಕೆಂದರೆ ಮಾತ್ರ ಮುಂದಿನ ಗೇಟು ದಾಟಿ, ಹೆದ್ದಾರಿ ಹಿಡಿದು, ಫ್ಲೈಓವರ್ ಕೆಳಗೆ ತಿರುಗಿ ಎರಡೂವರೆ ಕಿಲೋಮೀಟರ್. ಅವ್ವ ಒಮ್ಮೆ ರಿಕ್ಷಾ ಮಾಡಿಕೊಂಡು ಹೋದಳು. ಇಳಿದು ನೋಡಿದರೆ ಎದುರಿಗೇ ನಮ್ಮ ಬಾಲ್ಕನಿ, ಅದರಲ್ಲಿ ಒಣಹಾಕಿದ ಅವಳದೇ ಸೀರೆ. ರಿಕ್ಷಾದವನೂ ನೋಡಿದ, ನಕ್ಕ. ಅವ್ವನಿಗೆ ಮೈಯೆಲ್ಲ ಉರಿಯಿತು.

ಗೋಡೆಯಲ್ಲಿ ಒಂದು ಕಬ್ಬಿಣದ ಗೇಟು ಇತ್ತು. ಬೆಂಕಿ ಬಿದ್ದರೆ ಅಗ್ನಿಶಾಮಕ ಬಂಡಿ ಬರಲೆಂದು ಇಟ್ಟದ್ದು, ಸದಾ ಬೀಗ. ಅದನ್ನು ತೆಗೆಸಿರೆಂದು ನಮ್ಮ ಸೆಕ್ರೆಟರಿಯನ್ನು ಕೇಳಿದೆ. ಸಭ್ಯ ಮನುಷ್ಯ, ಕೈಮುಗಿದು ಮರಾಠಿಯಲ್ಲಿ ಸುರಕ್ಷತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಆಚೆಯವರನ್ನು ಕೇಳಿದರೆ, ಮೊದಲು ನಿಮ್ಮವರು ಒಪ್ಪಲಿ ಅಂದರು. ಅವ್ವ ಹಳೇ ಸೀರೆಯ ಹಗ್ಗಕ್ಕೆ ಎಣ್ಣೆಗಾಯಿಯ ಡಬ್ಬಿ ಕಟ್ಟಿ ಗೋಡೆಯಾಚೆ ಇಳಿಸಿದಳು; ವಾಚ್‌ಮನ್ ಅದಕ್ಕೂ ತಕರಾರು ತೆಗೆದ. ದೀಪಾವಳಿ ಮುಗಿದ ದಿನ ಅವಳು ಮೆಲ್ಲಗೆ ಹೇಳಿದಳು: “ರಥಸಪ್ತಮಿ ಆದ ಮ್ಯಾಲೆ ತಮ್ಮನ ಮನಿಗೆ ಹೋಗ್ತೀನವಾ. ಸಿಟ್ಟಾಗಬ್ಯಾಡ.” ಸಿಟ್ಟೇನು, ನನಗೆ ಅಳುವೇ ಬಂತು. ನಾನು ಮೆಚ್ಚಿ ಕೊಂಡ ಗೋಡೆಯೇ ಅವ್ವನನ್ನು ಹೊರಗೆ ಅಟ್ಟುತ್ತಿತ್ತು.

ಸಂಕ್ರಾಂತಿ ಬಂತು. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಅರಿಷಿಣ-ಕುಂಕುಮ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಸಂಜೆ. ಹೆಂಗಸರು ರೇಷ್ಮೆ ಸೀರೆ ಉಟ್ಟು ಮನೆಮನೆಗೆ ಹೋಗಿ ಕುಸುರೆಳ್ಳು ತಿಂದು, ಸಣ್ಣದೊಂದು ಉಡುಗೊರೆ ಹಿಡಿದು ಬರಬೇಕು. ಅವ್ವ ಸೀದಾ ಸೆಕ್ರೆಟರಿಯ ಹೆಂಡತಿಯ ಬಳಿ ಹೋಗಿ, ಈ ಸಲ ಆಚೆ ಸೊಸೈಟಿಯವರನ್ನೂ ಕರೆಯೋಣ ಅಂದಳು. ಆಕೆ ಉತ್ಸಾಹದಿಂದ ಕರೆದೇಬಿಟ್ಟರು. ಕರೆದ ಮೇಲೆ ಮುತ್ತೈದೆಯರನ್ನು ಪೈಠಣಿ ಸೀರೆಯಲ್ಲಿ ಹೆದ್ದಾರಿಯ ಮೇಲೆ ಓಡಿಸುವುದಾದರೂ ಹೇಗೆ? ಆ ಮನೆಯಲ್ಲಿ ಏನು ಮಾತುಕತೆ ನಡೆಯಿತೋ ತಿಳಿಯದು. ಮರುದಿನ ಬೀಗ ತೆಗೆದರು. ರಥಸಪ್ತಮಿಯವರೆಗೆ ಮಾತ್ರ, ಅದೂ ಕುಂಕುಮ ಇದ್ದ ದಿನ ಮಾತ್ರ ಎಂದು ನೋಟೀಸು ಹಚ್ಚಿದರು.

ಅವ್ವ ನೋಟೀಸನ್ನು ಎರಡು ಸಲ ಓದಿದಳು. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹಿಡಿದು ಎರಡೂ ಕಡೆ ಮನೆಮನೆ ತಿರುಗಿ, ಇವತ್ತು ಈಚೆ, ನಾಳೆ ಆಚೆ ಎಂದು ದಿನ ಹಂಚಿದಳು. “ಒಂದು ದಿನಾನೂ ಖಾಲಿ ಬಿಡಬಾರದು,” ಎಂದು ನನಗೆ ಹೇಳಿದಳು. “ದಿನಾ ಖಾಲಿ ಬಿತ್ತಂದ್ರ ಕೀಲಿ ಬಿತ್ತು ಅಂತ ತಿಳಕೋ.”

ಅಪ್ಪ ಹೋದ ಮೇಲೂ ಅವ್ವ ಕುಂಕುಮ ಬಿಟ್ಟವಳಲ್ಲ. ಎಲ್ಲ ಮನೆಗೂ ಹೋದಳು, ಎಲ್ಲರೂ ಹಚ್ಚಿದರು. ಒಂದು ಮಂಗಳವಾರ ಆಚೆ ಮನೆಯ ಕೂಸಿಗೆ ಜ್ವರ ಬಂದು ಅವರ ಕುಂಕುಮ ನಿಂತಿತು. ಕಚೇರಿಯಿಂದ ಆಗಷ್ಟೇ ಬಂದ ನನ್ನ ಕೈಗೆ ಅವ್ವ ಕುಂಕುಮದ ಭರಣಿ ಕೊಟ್ಟಳು.

“ಇವತ್ತು ನಿಂದು.”

“ನಂದು ಹೋದ ವಾರನ ಆಗೇದಲ್ಲವ್ವಾ!”

“ಆದ್ರ ಏನಾತು? ಕುಂಕುಮ ಹೆಚ್ಚಾತು ಅಂತ ಯಾರರ ಅಳ್ತಾರೇನು? ಸೀರಿ ಉಡು, ಲಗೂನ.”

ಉಡುಗೊರೆಗೆ ಮನೆಯಲ್ಲಿ ಉಳಿದಿದ್ದದ್ದು ಹೋದ ವಾರದ ಚಹಾ ಸೋಸುವ ಜಾಳಿಗೆಗಳೇ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ನನ್ನ ಹೆಸರಿನ ಎರಡೆರಡು ಜಾಳಿಗೆಗಳಿವೆ.

ಗೇಟು ತೆರೆದಿದ್ದರೆ ಕಾಲುಗಳು ಸುಮ್ಮನಿರುತ್ತವೆಯೇ? ಮೊದಲು ಟ್ಯೂಶನ್ನಿನ ಮಕ್ಕಳು ನುಗ್ಗಿದರು. ಆಮೇಲೆ ಆಚೆ ರಸ್ತೆಯಲ್ಲಿ ಪೇಠದ ಬಸ್ಸು ಹಿಡಿಯುವವರು, ಮನೆಗೆಲಸದ ಹೆಂಗಸರು, ಒಂದು ಕಂದು ನಾಯಿ. ಮನೆಯ ಹಿಂದೆ ಬೆಳಗಿನಿಂದ ಮಾತು, ನಗು, ಸೈಕಲ್ ಗಂಟೆ. ಗೋಡೆ ಮೆಚ್ಚಿದ್ದ ನಾನೇ ಆ ಗದ್ದಲ ಕೇಳಲು ಕಿಟಕಿ ತೆರೆದಿಡತೊಡಗಿದೆ. ನನಗೆ ಅಷ್ಟು ಸುಖವಾಗಿತ್ತು.

ರಥಸಪ್ತಮಿಯ ಮರುದಿನ ಬೆಳಿಗ್ಗೆ ವಾಚ್‌ಮನ್ ಬೀಗ ಹಿಡಿದು ಬಂದ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವನು ಗೇಟು ಎಳೆಯುವಷ್ಟರಲ್ಲಿ ಆಚೆಯಿಂದ ಎರಡು ಕಟ್ಟು ಮೆಂತ್ಯ ಹಿಡಿದು ಯಾರೋ ಬಂದರು. ನೋಡಿದರೆ ನಮ್ಮ ಸೆಕ್ರೆಟರಿ! ತಾಜಾ ತರಕಾರಿಯ ಗಾಡಿ ಆಚೆ ಬದಿ ನಿಲ್ಲುತ್ತಿತ್ತು. ವಾಚ್‌ಮನ್ ಅವರನ್ನು ನೋಡಿದ, ಅವರು ಮೆಂತ್ಯ ನೋಡಿಕೊಂಡರು. ನಾಳೆ ನೋಡೋಣ ಎಂದು ಮರಾಠಿಯಲ್ಲಿ ಗೊಣಗಿ ಹೋದರು. ಆ ನಾಳೆ ಇನ್ನೂ ಬಂದಿಲ್ಲ.

ಮಾಮಾನ, ಅಂದರೆ ಅವ್ವನ ತಮ್ಮನ, ಫೋನು ಬಂದದ್ದು ಅದೇ ಮಧ್ಯಾಹ್ನ. ಅವ್ವನ ಕೈಗೆ ಹಿಟ್ಟು ಮೆತ್ತಿತ್ತು, ನಾನು ಸ್ಪೀಕರ್ ಹಾಕಿ ಹಿಡಿದೆ.

“ಅಕ್ಕಾ, ನಾಳೆ ಮುಂಜಾನೆ ಕರಕೊಂಡು ಹೋಗಾಕ ಬರ್ತೀನಿ. ತಯಾರಿರು.”

“ನಾಳೆ ಆಗೂದಿಲ್ಲೋ. ಆಚೆ ಮನಿ ಕೂಸಿಗೆ ಎಣ್ಣಿ ಹಚ್ಚಿ ಎರೀಬೇಕು. ಮಧ್ಯಾಹ್ನ ಬೆಳಗಾವಿಯವರ ಜೋಡಿ ಹಪ್ಪಳಾ ಮಾಡೂದದ.”

“ಹಂಗಾರ ನಾಡದು ಬರ್ಲೇನು?”

“ನಾಡದೂ ಪುರಸೊತ್ತಿಲ್ಲ. ಭಾಳ ನೆನಪಾದ್ರ ನೀನೇ ಬಾ, ತಮ್ಮಾ. ಆ ಹೆದ್ದಾರಿ ಕಡೆಯಿಂದ ಸುತ್ತು ಹೊಡೀಬ್ಯಾಡ, ಆಚೆ ಸೊಸೈಟಿ ಮುಂದ ಬಸ್ ಇಳದು ಹಿಂದಿನ ಗೇಟಿನಿಂದ ಬಾ. ನಮ್ಮ ಮನಿ ಅಲ್ಲಿಂದ ಹತ್ತೇ ಹೆಜ್ಜಿ.”