ಹದಿನೈದು ಕಿಲೋ ಮರಳು

ಸೈಕಲ್ ರಿಪೇರಿಯವನನ್ನು ಬೀದಿಯ ಮಕ್ಕಳೆಲ್ಲ ಬೆಲ್ಟಜ್ಜ ಎಂದೇ ಕರೆಯುವುದು. ಮಗುವಿನ ಸೀಟು ಹಾಕಿಸಿಕೊಳ್ಳಲು ಬಂದವರನ್ನು "ಬೆಲ್ಟ್ ಹಾಕಿದ್ರಾ?" ಎಂದು ಹತ್ತು ಸಲ ಕೇಳಿ ಪ್ರಾಣ ತಿಂದು ಸಂಪಾದಿಸಿದ ಹೆಸರು ಅದು.

ಎರಡು ಮನೆಗಳ ನಡುವಿನ ಸಂದಿಗೆ ತಗಡು ಹೊದಿಸಿದರೆ ಅದೇ ಅವನ ಅಂಗಡಿ. ಒಳಗೆ ಗೋಡೆಗೆ ಒರಗಿದ ಮರಳಿನ ಚೀಲಗಳು: ಒಂಬತ್ತು ಕಿಲೋದ್ದು, ಹನ್ನೆರಡರದ್ದು, ಹದಿನೈದರದ್ದು. ಸೀಟು ಬೇಕಾದವರು ತಮ್ಮ ಮಗುವಿನ ತೂಕದ ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬೀದಿಯ ಕೊನೆಯ ನಲ್ಲಿಯವರೆಗೆ ಹೋಗಿ, ಅಲ್ಲಿ ತಿರುಗಿ, ಎಲ್ಲೂ ಕಾಲೂರದೆ ವಾಪಸು ಬರಬೇಕು. ಕಾಲೂರಿದರೆ ಸೀಟಿಲ್ಲ. "ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ" ಎಂದು ಜನ ಗೊಣಗುತ್ತಾರೆ. ಗೊಣಗುತ್ತಲೇ ಚೀಲ ಕಟ್ಟಿಕೊಳ್ಳುತ್ತಾರೆ.

ಒಮ್ಮೆ ಟೀಚರಮ್ಮ ಒಬ್ಬರು ಏಳು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದರು.

"ತಾನಾಗೇ ಕೂತ್ಕೊಳ್ಳುತ್ತಾ?"

"ದಿಂಬು ಇಟ್ರೆ ಕೂತ್ಕೊಳ್ಳುತ್ತೆ."

"ಹಾಗಾದ್ರೆ ಸೀಟು ದಿಂಬಿಗೆ ಕೊಡ್ತೀನಿ. ಮಗೂಗೆ ಒಂದು ವರ್ಷ ಆಗಲಿ, ಕತ್ತು ಗಟ್ಟಿಯಾಗಲಿ, ಆಮೇಲೆ ಬನ್ನಿ ತಾಯಿ."

ಈ ಜಾಗ್ರತೆಯೆಲ್ಲ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗ ಎರಡು ವರ್ಷದವನಿದ್ದಾಗ ಅವನನ್ನು ಸೈಕಲ್ಲಿನ ಮುಂದಿನ ಅಡ್ಡಕಂಬಿಯ ಮೇಲೆ ಕೂರಿಸಿ, ಟವೆಲಿನಿಂದ ತನ್ನ ಹೊಟ್ಟೆಗೆ ಕಟ್ಟಿಕೊಂಡು ಹೊರಟಿದ್ದ. ಎರಡೇ ನಿಮಿಷದ ದಾರಿ, ಏನಾದೀತು ಎಂದುಕೊಂಡಿದ್ದ. ಮಗುವಿನ ಪಾದ ಚಕ್ರದ ಕಡ್ಡಿಗಳ ನಡುವೆ ಹೋಯಿತು. ಗಾಯ ಮಾಗಿತು, ಹಿಮ್ಮಡಿ ಮಾತ್ರ ಸೊಟ್ಟಗೇ ಉಳಿಯಿತು. ಮಗ ಬೆಳೆದು ದೊಡ್ಡವನಾದ, ತಾನೂ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವನಾದ. ಆ ದಿನದ ಬಗ್ಗೆ ಮಾತ್ರ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅಜ್ಜನಿಗೆ ಎಷ್ಟೋ ಸಲ ಅನ್ನಿಸಿದೆ.

ಮೊಮ್ಮಗಳು ಹುಟ್ಟಿದ ವಾರವೇ ಅವನು ಒಂದು ಸೀಟು ಎತ್ತಿಟ್ಟ. ಪಾದಕ್ಕೆ ಪಟ್ಟಿ, ಚಕ್ರಕ್ಕೆ ಅಡ್ಡ ಹಲಗೆ, ಎಲ್ಲವೂ ಇದ್ದದ್ದು. ಅವಳಿಗೆ ವರ್ಷ ತುಂಬಿದಾಗ ಕೇಳಿದ. "ಇನ್ನೂ ಚಿಕ್ಕವಳು ಅಪ್ಪಾ" ಎಂದ ಮಗ. ಎರಡು ತುಂಬಿದಾಗಲೂ ಅದೇ ಉತ್ತರ, ಮೂರಕ್ಕೂ ಅದೇ. ಅಜ್ಜ ಬೀದಿಯ ಮಕ್ಕಳಿಗೆಲ್ಲ ಹೆಲ್ಮೆಟ್ ಸರಿ ಮಾಡುತ್ತಾ, ಹುಬ್ಬಿನ ಮೇಲೆ ಎರಡು ಬೆರಳು ಅಳೆಯುತ್ತಾ, ತನ್ನದೇ ಒಂದು ಕೂಸನ್ನು ಹಿಂದೆ ಕೂರಿಸಿಕೊಂಡು ಒಂದೇ ಒಂದು ಸುತ್ತು ಹೋಗಬೇಕೆಂದು ಒಳಗೊಳಗೇ ಹಂಬಲಿಸಿದ. ಬೆನ್ನ ಹಿಂದೆ ಪುಟ್ಟ ಕೈಯೊಂದು ಅಂಗಿ ಹಿಡಿದು ಜಗ್ಗಬೇಕು. ಅಷ್ಟಾದರೆ ಸಾಕಿತ್ತು.

ಒಂದು ಭಾನುವಾರ ಬೆಳಿಗ್ಗೆ ಮಗ ತನ್ನ ಸೈಕಲ್ ತಳ್ಳಿಕೊಂಡು, ಮಗಳ ಕೈ ಹಿಡಿದು ಅಂಗಡಿಗೆ ಬಂದ.

"ಎಲ್ಲರಿಗೂ ಸೀಟು ಹಾಕೋ ಅಜ್ಜ ನನಗ್ಯಾಕೆ ಹಾಕಲ್ಲ ಅಂತ ವಾರದಿಂದ ತಲೆ ತಿಂತಿದಾಳೆ. ಒಂದು ಸುತ್ತು ಕರ್ಕೊಂಡು ಹೋಗಪ್ಪಾ."

ಅಜ್ಜ ತಕ್ಷಣ ಎದ್ದ. ಸೀಟಿಗೆ ಮೊದಲು ಕೈ ಹಾಕಬೇಕಾದವನು ಹದಿನೈದು ಕಿಲೋ ಚೀಲಕ್ಕೆ ಕೈ ಹಾಕಿದ. ಅವನ ಕಾಯಿದೆ ಅವನಿಗೂ ಕಾಯಿದೆಯೇ. ತನ್ನ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೊರಟ. ಹೋಗುವಾಗ ಸಲೀಸಾಗಿಯೇ ಹೋಯಿತು. ನಲ್ಲಿಯ ಹತ್ತಿರ ತಿರುಗುವಾಗ ಭಾರ ಒಂದು ಕಡೆ ಎಳೆಯಿತು, ಮಂಡಿ ಕೈಕೊಟ್ಟಿತು, ಎಡಗಾಲು ನೆಲಕ್ಕೆ ತಗುಲಿತು. ಒಂದೇ ಕ್ಷಣ. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಮಗ ಅಂಗಡಿಯೊಳಗೆ ಮಗಳಿಗೆ ಹೆಲ್ಮೆಟ್ ಹಾಕುತ್ತಿದ್ದ.

ಯಾರು ನೋಡಿದರು, ಎಂದುಕೊಳ್ಳುತ್ತಾ ಅರ್ಧ ಬೀದಿ ಬಂದ. ಸಿಕ್ಕ ಅವಕಾಶ ಬಿಟ್ಟರೆ ಮತ್ತೆ ಸಿಗಲಾರದು ಎಂದುಕೊಳ್ಳುತ್ತಾ ಉಳಿದರ್ಧ ಬಂದ. ಅಂಗಡಿ ಮುಂದೆ ಇಳಿದಾಗ ಮಗುವಿನ ಕಾಲುಗಳು ಕಣ್ಣಿಗೆ ಬಿದ್ದವು. ಕೆಂಪು ಚಪ್ಪಲಿ ಹಾಕಿಕೊಂಡು ಕುಣಿಯುತ್ತಿದ್ದಳು.

"ಸೀಟು ನಿನ್ನ ಸೈಕಲ್ಲಿಗೆ ಹಾಕ್ತೀನಿ" ಎಂದ.

ಮಗನ ಮುಖ ಸಣ್ಣದಾಯಿತು. "ಯಾಕಪ್ಪಾ? ಹಳೇದು ಮನಸ್ಸಲ್ಲಿ ಇಟ್ಕೊಂಡಿದೀನಿ ಅಂದ್ಕೊಂಡ್ಯಾ? ನಾನೇ ಹೇಳ್ತಿದೀನಲ್ಲ, ನೀನೇ ಕರ್ಕೊಂಡು ಹೋಗು."

"ಅದಕ್ಕಲ್ಲ ಕಣೋ. ನಲ್ಲಿ ಹತ್ರ ಕಾಲೂರ್ದೆ."

ಮಗ ನಲ್ಲಿಯ ಕಡೆ ನೋಡಿದ. ಆಮೇಲೆ, "ಹಾಗಾದ್ರೆ ನಾನೂ ಚೀಲ ಹೊರಬೇಕಾ?" ಎಂದ.

"ಮತ್ತೆ? ನನ್ನ ಮಗ ಅಂತ ಬಿಟ್ಬಿಡ್ತೀನಾ?"

ಮಗ ಕಾಲೂರದೆ ಬಂದ. ಅಜ್ಜ ಸೀಟು ಬಿಗಿದು ಎರಡು ಸಲ ಅಲ್ಲಾಡಿಸಿ ನೋಡಿದ, ಮೊಮ್ಮಗಳನ್ನು ಎತ್ತಿ ಕೂರಿಸಿದ, ಎದೆಯ ಬೆಲ್ಟ್ ಹಾಕಿದ, ಎರಡು ಪಾದಗಳಿಗೂ ಪಟ್ಟಿ ಕಟ್ಟಿದ. ಆ ಪಾದಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡಿದ್ದ.

"ಅಜ್ಜಾ, ನೀನು ಬರಲ್ವಾ?"

"ನೀನು ಹೋಗಿ ಬಾ ಪುಟ್ಟಿ. ಬೀದಿ ಹೇಗಿದೆ ಅಂತ ಬಂದು ಹೇಳು."

ಸೈಕಲ್ ಹೊರಟಿತು. ಹುಡುಗಿ ಖುಷಿಗೆ ಕಿರುಚಿ, ಎರಡೂ ಮುಷ್ಟಿಯಲ್ಲಿ ಅಪ್ಪನ ಅಂಗಿಯನ್ನು ಹಿಂದಿನಿಂದ ಹಿಡಿದು ಜಗ್ಗಿದಳು. ಹಿಡಿಯಬೇಕಾದ ಅಂಗಿಯನ್ನೇ ಹಿಡಿದಿದ್ದಾಳೆ ಎಂದು ಅಜ್ಜನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ ಹೊಟ್ಟೆ ಉರಿಯಿತು.